ಎರೆಮಣ್ಣಿನ ಮೇಲೆ ಕಟ್ಟಿದ ಹೊಸ ಮನೆ: ಬಿರುಕಿಗೆ ಯಾರು ಹೊಣೆ?

ಪ್ರಶ್ನೆ: ಮಾನ್ಯರೇ, ರಾಯಚೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಬಿಲ್ಡರ್ ಒಬ್ಬರು ಸಾಲಾಗಿ ಕಟ್ಟಿ ಮಾರಿದ ಇಪ್ಪತ್ತು ಮನೆಗಳ ಪೈಕಿ ಒಂದನ್ನು 42 ಲಕ್ಷ ರೂಪಾಯಿಗೆ ಕೊಂಡಿದ್ದೇವೆ. ಕೀಲಿ ನಮ್ಮ ಕೈಗೆ ಬಂದು ಮೂರು ವರ್ಷ ಎರಡು ತಿಂಗಳಾಯಿತು. ಒಂದೂವರೆ ವರ್ಷದ ಹಿಂದೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಕಾಣಿಸಿಕೊಂಡಿತು. ಬೇಸಿಗೆಯಲ್ಲಿ ಅದು ಅಗಲವಾಗುತ್ತದೆ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಫೋನಿನಲ್ಲಿ ಹೇಳಿದಾಗ ಎರಡು ಸಲ ಆಳು ಕಳಿಸಿ ಸಿಮೆಂಟು ಮೆತ್ತಿಸಿದರು. ಈಗ, ಒಪ್ಪಂದದಲ್ಲಿ ಇರುವುದು ಒಂದು ವರ್ಷದ ವಾರಂಟಿ, ಅಲ್ಲದೆ ಇದು ಎರೆಭೂಮಿ, ಇಲ್ಲಿ ಎಲ್ಲರ ಮನೆಯೂ ಬಿರಿಯುತ್ತದೆ ಎನ್ನುತ್ತಾರೆ. ನಮಗೆ ಏನಾದರೂ ದಾರಿ ಇದೆಯೇ?
– ಹೆಸರು ಬೇಡ, ರಾಯಚೂರು

ಉತ್ತರ: ಖಂಡಿತ ಇದೆ, ಆದರೆ ಇನ್ನು ತಡಮಾಡಬೇಡಿ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ಎಲ್ಲರೂ ರೇರಾ ಎಂದು ಕರೆಯುವ ಕಾಯ್ದೆಯ 14ನೇ ಕಲಮಿನ ಮೂರನೆಯ ಉಪಕಲಮು ನಿಮ್ಮಂಥವರಿಗಾಗಿಯೇ ಇದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸಗಾರಿಕೆಯಲ್ಲಾಗಲಿ, ಗುಣಮಟ್ಟದಲ್ಲಾಗಲಿ ದೋಷವಿದೆಯೆಂದು ಕೊಂಡವರು ಬಿಲ್ಡರ್ ಗಮನಕ್ಕೆ ತಂದರೆ, ಅವರು ಒಂದು ಪೈಸೆಯನ್ನೂ ಕೇಳದೆ 30 ದಿನಗಳೊಳಗೆ ಅದನ್ನು ಸರಿಪಡಿಸಬೇಕು. ಸರಿಪಡಿಸದಿದ್ದರೆ ನಿಮಗೆ ಪರಿಹಾರ ಪಡೆಯುವ ಹಕ್ಕು ಹುಟ್ಟುತ್ತದೆ. ಕಾಯ್ದೆ ಕೊಟ್ಟ ಐದು ವರ್ಷವನ್ನು ಒಪ್ಪಂದದ ಒಂದು ಸಾಲು ಒಂದು ವರ್ಷಕ್ಕೆ ಇಳಿಸಲಾರದು. ಇಪ್ಪತ್ತು ಮನೆಗಳ ಯೋಜನೆಯಾದ್ದರಿಂದ ಅದು ಈ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ (ಅದನ್ನೂ ರೇರಾ ಎಂದೇ ಕರೆಯುತ್ತಾರೆ) ನೋಂದಣಿಯಾಗಿರಬೇಕು. 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ ಎಂಟು ಮನೆ ಮೀರದ ಯೋಜನೆಗೆ ಮಾತ್ರ ನೋಂದಣಿಯಿಂದ ವಿನಾಯಿತಿ. ನೋಂದಣಿ ಸಂಖ್ಯೆಯನ್ನು ನಿಮ್ಮ ಕಾಗದಪತ್ರಗಳಲ್ಲಿಯೂ ಕರ್ನಾಟಕ ರೇರಾದ ಜಾಲತಾಣದಲ್ಲಿಯೂ ಹುಡುಕಿ.

ಎರೆಮಣ್ಣಿನ ಮಾತಿಗೆ ಬರುತ್ತೇನೆ. ಈ ಸಬೂಬನ್ನು ನಮ್ಮ ಸೀಮೆಯಲ್ಲಿ ಎಷ್ಟೋ ಕುಟುಂಬಗಳು ನಂಬಿ ಸುಮ್ಮನಾಗಿವೆ ಎಂಬುದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದರೆ ಗೋಡೆಯೂ ಮಣ್ಣಿನೊಂದಿಗೆ ಏರಿಳಿಯುತ್ತದೆ, ಮತ್ತು ಆ ಎಳೆತ ಮೊದಲು ಕಾಣುವುದು ಗೋಡೆ ದುರ್ಬಲವಾಗಿರುವ ಬಾಗಿಲು ಕಿಟಕಿಗಳ ಮೂಲೆಗಳಲ್ಲಿ. ಋತುವಿಗೆ ತಕ್ಕಂತೆ ಅಗಲವಾಗಿ ಕೂಡಿಕೊಳ್ಳುವ ನಿಮ್ಮ ಬಿರುಕು ಬೆರಳು ತೋರಿಸುವುದು ಪಾಯದ ಕಡೆಗೆ. ಗಿಲಾವು ಒಣಗುವಾಗ ಬೀಳುವ ಕೂದಲೆಳೆಯಂಥ ಬಿರುಕು ಹೀಗೆ ಆಡುವುದಿಲ್ಲ. ಈ ಮಣ್ಣಿನ ಗುಣ ರೈತರಿಗೂ ಗೌಂಡಿಗಳಿಗೂ ತಲೆತಲಾಂತರದಿಂದ ಗೊತ್ತು. ಋತುಮಾನದ ಏರಿಳಿತ ತಟ್ಟದ ಆಳಕ್ಕೆ, ಅಂದರೆ ನೆಲದಿಂದ ಸುಮಾರು 3.5 ಮೀಟರ್ ಕೆಳಗೆ ಇಳಿಸಿ, ಬುಡದಲ್ಲಿ ಗಡ್ಡೆಯಂತೆ ಅಗಲಿಸುವ ಅಂಡರ್‌ರೀಮ್ಡ್ ಪೈಲ್ ಪಾಯದ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ರೂಪಿಸಿಕೊಟ್ಟಿದೆ. ಸಣ್ಣ ಮನೆಗಳಿಗೆ ಎರೆ ತೆಗೆದು ಗರಸು ತುಂಬುವುದು, ಪಾಯದ ಮೇಲೆ ಗೋಡೆಗಳ ಬುಡಕ್ಕೆ ಸುತ್ತ ಪ್ಲಿಂತ್ ಬೀಮು, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ತೊಲೆ ಕಟ್ಟುವುದು, ಮನೆಯ ಅಂಚಿಗೆ ನೀರು ನಿಲ್ಲದಂತೆ ಸುತ್ತ ಏಪ್ರನ್, ಅಂದರೆ ಹೊರಕ್ಕೆ ಇಳಿಜಾರಾದ ಗಟ್ಟಿ ಪಟ್ಟಿ ಹಾಕುವುದು, ಇವೆಲ್ಲ ಬಳಕೆಯಲ್ಲಿವೆ. ಮಣ್ಣು ಎಂಥದೆಂದು ತಿಳಿದೂ ಅದಕ್ಕೆ ತಕ್ಕ ಪಾಯ ಹಾಕದಿರುವುದೇ ದೋಷ. ಆದ್ದರಿಂದ ಮಣ್ಣಿನ ಹೆಸರು ಹೇಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ನೀವು ತಪ್ಪಿದ್ದು ಒಂದೇ ಕಡೆ. ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಇಲ್ಲ. ಐದು ವರ್ಷದೊಳಗೆ ದೋಷವನ್ನು ತಿಳಿಸಿದ್ದೀರಿ ಎಂಬುದನ್ನು ತೋರಿಸಬೇಕಾದವರು ನೀವು. ಆದ್ದರಿಂದ ಸ್ವಾಧೀನದ ದಿನಾಂಕ, ಬಿರುಕು ಕಂಡ ತಿಂಗಳು, ಎರಡು ಸಲ ಆದ ತೇಪೆ, ಇವೆಲ್ಲವನ್ನೂ ವಿವರಿಸಿ, 30 ದಿನಗಳ ಗಡುವು ಕೊಟ್ಟು, ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಿ. ತೇಪೆಗೆ ಬಂದವರ ಬಗ್ಗೆ ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಅಳಿಸಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ, ಮತ್ತು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯಿರಿ. ವರದಿ ಕೈಗೆ ಬರುವ ತನಕ ಗೋಡೆ ಒಡೆಸುವುದಾಗಲಿ, ಮೇಲೆ ಕೋಣೆ ಏರಿಸುವುದಾಗಲಿ ಬೇಡ. ಹಾಗೆ ಮಾಡಿದರೆ ನಿಮ್ಮ ಕೆಲಸದಿಂದಲೇ ಬಿರಿಯಿತು ಎನ್ನಲು ಅವರಿಗೆ ಆಸ್ಪದವಾಗುತ್ತದೆ.

ಗಡುವು ಮೀರಿದರೆ ರೇರಾಗೆ ದೂರು ಕೊಡಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ರೇರಾ ಇದ್ದರೂ ಆ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನೀವು ಕೊಟ್ಟ ಹಣ 50 ಲಕ್ಷದೊಳಗೆ ಇರುವುದರಿಂದ ರಾಯಚೂರಿನ ಜಿಲ್ಲಾ ಆಯೋಗದಲ್ಲಿಯೇ ದೂರು ನಡೆಯುತ್ತದೆ. ಆದರೆ ಗ್ರಾಹಕ ಕಾಯ್ದೆಯಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡೇ ವರ್ಷದ ಕಾಲಮಿತಿ. ಬಿರುಕು ಕಂಡು ಒಂದೂವರೆ ವರ್ಷವಾಗಿದೆ ಎಂದಿದ್ದೀರಿ. ಉಳಿದಿರುವುದು ಆರು ತಿಂಗಳೆಂದೇ ಭಾವಿಸಿ ವಕೀಲರನ್ನು ಕಾಣಿ. ನೆರೆಮನೆಗಳಲ್ಲಿಯೂ ಇಂಥದೇ ಬಿರುಕು ಇದ್ದರೆ ಅವರನ್ನೂ ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ನಮ್ಮ ಸ್ವಂತ ಸೈಟಿನಲ್ಲಿ ಗುತ್ತಿಗೆದಾರರಿಂದ ಮನೆ ಕಟ್ಟಿಸುತ್ತಿದ್ದೇವೆ. ಬೋರ್‌ವೆಲ್ ನೀರು ಸವಳು. ನಮಗೂ ಐದು ವರ್ಷದ ಹೊಣೆ ಸಿಗುತ್ತದೆಯೇ?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಇಲ್ಲ. ಮನೆ ಕಟ್ಟಿ ಮಾರುವವರಿಗೆ ರೇರಾ ಅನ್ವಯಿಸುತ್ತದೆ. ನಿಮ್ಮ ಗುತ್ತಿಗೆದಾರರು ಮಾರುವವರಲ್ಲ. ಮನೆ ಕಟ್ಟಿಕೊಡುವುದು ಗ್ರಾಹಕ ಕಾಯ್ದೆಯಲ್ಲಿ ಸೇವೆಯೇ ಆದ್ದರಿಂದ ಕೆಲಸ ಕೆಟ್ಟರೆ ಆಯೋಗಕ್ಕೆ ಹೋಗಬಹುದು, ಆದರೆ ಹೊಣೆಯ ಅವಧಿಯನ್ನು ನೀವೇ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಕಾಂಕ್ರೀಟಿಗೆ ಬಳಸುವ ಮುನ್ನ ನೀರನ್ನು ಪರೀಕ್ಷೆ ಮಾಡಿಸಿ. ಕಬ್ಬಿಣ ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಒಳಗಿನ ಸರಳು ತುಕ್ಕು ಹಿಡಿದು ಕೆಲವೇ ವರ್ಷಗಳಲ್ಲಿ ಸ್ಲ್ಯಾಬಿನ ಅಡಿ ಉದುರತೊಡಗಬಹುದು. ಸರ್ಕಾರಿ ಕಾಮಗಾರಿಗಳಲ್ಲಿ ಬಿಲ್ಲಿನ ಒಂದು ಪಾಲನ್ನು ಹೊಣೆಯ ಅವಧಿ ಮುಗಿಯುವ ತನಕ ತಡೆದಿಟ್ಟುಕೊಳ್ಳುವ ಪದ್ಧತಿಯಿದೆ. ನೀವೂ ಹಾಗೆಯೇ ಕೊನೆಯ ಕಂತಿನ ಒಂದು ಭಾಗವನ್ನು, ಮನೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಂಡ ಮೇಲೆ ಕೊಡುವುದಾಗಿ ಕರಾರಿನಲ್ಲಿ ಮೊದಲೇ ಬರೆಸಿ.