ಅರ್ಧ ಓದಿಟ್ಟ ಪುಸ್ತಕಗಳ ಪರವಾಗಿ

ಸಂಪಾದಕರಿಗೆ ನಮಸ್ಕಾರ. ನಾವು ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಮದುವೆಯಾಗಿ ಎರಡು ವರ್ಷ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಭಾನುವಾರ ಬಂತೆಂದರೆ ನನ್ನ ಹೆಂಡತಿ ಅವೆನ್ಯೂ ರಸ್ತೆಗೆ ಹೊರಡುತ್ತಾಳೆ. ಫುಟ್‌ಪಾತಿನ ರಾಶಿಯಿಂದ ಚೀಲದ ತುಂಬ ಹಳೇ ಪುಸ್ತಕ ತರುತ್ತಾಳೆ. ಅದಕ್ಕೊಂದು ಲೆಕ್ಕಾಚಾರ ಇಲ್ಲ. ಹೆಣಿಗೆ ಪುಸ್ತಕ, ರೇಡಿಯೋ ರಿಪೇರಿ ಪುಸ್ತಕ, ಯಾರೋ ಹೊಲಿಸಿಟ್ಟ ಹಳೇ ಧಾರಾವಾಹಿ, ಮೂರು ಭಾಗದ ಕಾದಂಬರಿಯ ಎರಡನೇ ಭಾಗ ಮಾತ್ರ. ಯಾವುದನ್ನೂ ಪೂರ್ತಿ ಓದುವುದಿಲ್ಲ. ನಡುವಿನಿಂದ ಹತ್ತು ಪುಟ ಓದಿ ಮಗುಚಿಡುತ್ತಾಳೆ. ಮಂಚದ ಕೆಳಗೆ ತುಂಬಿ, ಈಗ ವಾಷಿಂಗ್ ಮಷಿನ್ ಮೇಲೂ ಬಂದಿವೆ. ಬೇಕಾದ್ದನ್ನು ಆನ್‌ಲೈನಲ್ಲಿ ತರಿಸೋಣ, ಇಲ್ಲವೇ ಫೋನಿನಲ್ಲೇ ಓದೋಣ ಎಂದರೆ ನಗುತ್ತಾಳೆ. ಒಮ್ಮೆ ಒಂದು ಪುಸ್ತಕದೊಳಗೆ 1974ರ ಇನ್‌ಲ್ಯಾಂಡ್ ಪತ್ರ ಸಿಕ್ಕಿತ್ತು, ಅದನ್ನೂ ಇಟ್ಟುಕೊಂಡಿದ್ದಾಳೆ. ಧಾರಾವಾಹಿಯ ಹಿಂಬದಿಯಲ್ಲಿದ್ದ ಅಡುಗೆ ನೋಡಿ ನಾನೇ ಒಂದು ದಿನ ಹಾಗಲಕಾಯಿ ಗೊಜ್ಜು ಮಾಡಿದೆ, ಅದು ಬೇರೆ ವಿಷಯ. ಇದು ಓದುವ ಅಭ್ಯಾಸವೋ, ಗುಜರಿ ಚಟವೋ, ನೀವೇ ಹೇಳಿ. ಹೆಸರು ಹಾಕಬೇಡಿ.

ಒಬ್ಬ ಓದುಗ, ಬೆಂಗಳೂರು

*

ಹೆಸರು ಹಾಕಿಲ್ಲ. ಆದರೆ ನಿಮ್ಮ ಮನೆಯವರು ನಮ್ಮ ಪತ್ರಿಕೆಯನ್ನೂ ನಡುವಿನಿಂದಲೇ ಓದುವವರಾದರೆ ಈ ಪುಟಕ್ಕೇ ಮೊದಲು ಬರುತ್ತಾರೆ. ಆಮೇಲಿನದಕ್ಕೆ ಸಂಪಾದಕ ಹೊಣೆಯಲ್ಲ.

ಮೊದಲು ನಿಮ್ಮ ಕಡೆಯ ನ್ಯಾಯ ಹೇಳಿಬಿಡುತ್ತೇನೆ. ಮನೆ ಸಣ್ಣದು, ಒಪ್ಪಿದೆ. ಹಳೇ ಪುಸ್ತಕದ ಧೂಳಿಗೆ ಸೀನು ಬರುತ್ತೆ, ಅದೂ ನಿಜ. ಮನೆ ಬದಲಾಯಿಸುವಾಗ ಎಲ್ಲಕ್ಕಿಂತ ಭಾರ ಪುಸ್ತಕದ ಡಬ್ಬಗಳೇ, ಎತ್ತುವವರು ಮುಖ ಸಿಂಡರಿಸುತ್ತಾರೆ. ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿ ಹೇಳೋಕೆ ನನ್ನ ಹತ್ತಿರ ಬೇರೇನೂ ಉಳಿದಿಲ್ಲ.

ಗೊಜ್ಜಿನ ವಿಷಯಕ್ಕೆ ಬರೋಣ. 'ಅದು ಬೇರೆ ವಿಷಯ' ಅಂತ ಬರೆದಿದ್ದೀರಿ. ಅಲ್ಲ ಸ್ವಾಮಿ, ಅದೇ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು ಅದು.

ಹೊಲಿಸಿಟ್ಟ ಧಾರಾವಾಹಿ ಅಂದರೆ ಏನು ಅಂತ ಈಗಿನ ಓದುಗರಿಗೆ ಸ್ವಲ್ಪ ಹೇಳಬೇಕು. 'ಸುಧಾ' ಶುರುವಾಗಿದ್ದು 1965ರಲ್ಲಿ, 'ತರಂಗ' 1983ರಲ್ಲಿ. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ವಾರಪತ್ರಿಕೆ ಓದಿ ಮುಗಿದ ಮೇಲೆ ಧಾರಾವಾಹಿಯ ಪುಟಗಳನ್ನಷ್ಟೇ ಪಿನ್ ಬಿಡಿಸಿ ತೆಗೆದಿಡುತ್ತಿದ್ದರು. ಕಥೆ ಮುಗಿದ ವಾರ ಎಲ್ಲವನ್ನೂ ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಮೇಲೆ ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಕಾದಂಬರಿ ಕೊಳ್ಳಲು ದುಡ್ಡಿಲ್ಲದ ಮನೆಯಲ್ಲಿ ಅದೇ ಕಾದಂಬರಿ. ಹೊಲಿದವರಿಗೆ ಬೇಕಾಗಿದ್ದು ಮುಂಬದಿ ಮಾತ್ರ. ಹಿಂಬದಿ ಪುಕ್ಕಟೆ ಬಂದದ್ದು. ಅದರಲ್ಲಿ ಅರ್ಧ ಪದಬಂಧ, ಯಾವುದೋ ಕೂದಲೆಣ್ಣೆಯ ಜಾಹೀರಾತು, ವಾರಭವಿಷ್ಯದ ನಾಲ್ಕು ರಾಶಿ, ಒಂದು ಅಡುಗೆ. ಆ ಅಡುಗೆಯೂ 'ಹುಳಿ ಬೆಲ್ಲ ಹಾಕಿ ಕುದಿ ಬಂದ ಮೇಲೆ' ಎನ್ನುವಲ್ಲಿಗೆ ನಿಂತಿರುತ್ತೆ. ಮುಂದಿನ ಪುಟ ಎಂದೋ ರದ್ದಿಗೆ ಹೋಗಿದೆ. ನೀವು ಗೊಜ್ಜಿನ ಕೊನೆಯನ್ನು ಊಹೆಯಿಂದ ಮಾಡಿರಬೇಕು, ಅಲ್ವಾ? ಗೊಜ್ಜು ಮಾಡಬೇಕು ಅಂತ ನೀವು ಯಾವತ್ತಾದರೂ ಫೋನಿನಲ್ಲಿ ಹುಡುಕಿದ್ದಿರಾ? ಹುಡುಕದೆ ಇದ್ದದ್ದು ನಿಮಗೆ ಸಿಕ್ಕಿತು. ನಿಮ್ಮ ಮನೆಯವರು ಭಾನುವಾರ ಬೆಳಿಗ್ಗೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಮಾಡುವುದೂ ಅದನ್ನೇ.

ಆನ್‌ಲೈನಲ್ಲಿ ಕೇಳಿದ್ದು ಬರುತ್ತೆ. ಎರಡು ದಿನದಲ್ಲಿ ಬಾಗಿಲಿಗೇ ಬರುತ್ತೆ, ನಾನೂ ತರಿಸುತ್ತೇನೆ. ಆದರೆ ಕೇಳೋಕೆ ಮೊದಲು ಅದರ ಹೆಸರು ಗೊತ್ತಿರಬೇಕಲ್ಲ. ಮೈಸೂರಿನ ಕಥೆ ನೋಡಿ. 1905ರ ಸುಮಾರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಪೂರ್ತಿ ಗ್ರಂಥ ಇನ್ನು ಸಿಗುವುದಿಲ್ಲ ಎಂದೇ ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಅದು ಅಚ್ಚಾಯಿತು. ಅದನ್ನು ಯಾರೂ ಆರ್ಡರ್ ಮಾಡಿರಲಿಲ್ಲ. ಬಂದ ಕಟ್ಟನ್ನು ಮೂಲೆಗೆ ತಳ್ಳದೆ ಬಿಚ್ಚಿ ನೋಡುವ ಒಬ್ಬರು ಅಲ್ಲಿದ್ದರು, ಅಷ್ಟೇ.

ನೀವು ಕೇಳಬಹುದು, ನನ್ನ ಹೆಂಡತಿ ತಂದ ರೇಡಿಯೋ ರಿಪೇರಿ ಪುಸ್ತಕಕ್ಕೂ ಅರ್ಥಶಾಸ್ತ್ರಕ್ಕೂ ಎಲ್ಲಿಯ ಸಂಬಂಧ ಅಂತ. ಸಂಬಂಧ ಇದೆ. 'ಓದದೆ ಇಟ್ಟುಕೊಂಡು ಏನು ಪ್ರಯೋಜನ' ಅನ್ನುವ ಧ್ವನಿ ನಿಮ್ಮ ಪತ್ರದ ತುಂಬ ಇದೆಯಲ್ಲ, ಅದಕ್ಕೆ ಇನ್ನೊಂದು ಹೇಳುತ್ತೇನೆ. ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲರು. ವಚನಗಳ ತಾಳೆಗರಿಗಾಗಿ ಊರೂರು, ಮನೆಮನೆ ತಿರುಗಿದರು. ಮನೆ ಮಾರಿ ಅಚ್ಚುಕೂಟ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅವರಿಗೆ ಆ ಕಟ್ಟುಗಳು ಸಿಕ್ಕಿದ್ದು ಎಲ್ಲಿ? ಜಗುಲಿ ಮೇಲೆ, ದೇವರ ಮುಂದೆ, ಅಟ್ಟದಲ್ಲಿ. ಮನೆಯವರಲ್ಲಿ ಎಷ್ಟೋ ಜನ ಅವನ್ನು ಓದುತ್ತಿರಲಿಲ್ಲ, ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಓದದವರು ಇಟ್ಟುಕೊಂಡಿದ್ದರಿಂದಲೇ ಓದುವವರಿಗೆ ಸಿಕ್ಕಿತು. ಆ ಮನೆಗಳಲ್ಲಿ ಯಾರಾದರೂ 'ಜಾಗ ಸಾಲದು' ಅಂತ ಪತ್ರ ಬರೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಪೂರ್ತಿ ಓದುವ ಪ್ರಶ್ನೆ. ತೆಗೆದ ಪುಸ್ತಕ ಮುಗಿಸಲೇಬೇಕು ಅನ್ನುವ ಕಾಯ್ದೆ ಯಾರು ಮಾಡಿದ್ದು? ಪರೀಕ್ಷೆಯ ಭಯ ಅದು. ಸಿಲಬಸ್ ಮುಗಿಯಿತಾ ಅಂತ ಕೇಳುವ ಮೇಷ್ಟ್ರು ನಮ್ಮ ತಲೆಯೊಳಗೇ ಒಂದು ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದಾರೆ. ಈಗ ಅದರ ಮೇಲೆ ಇನ್ನೊಂದು ಬಂದಿದೆ. ವರ್ಷಕ್ಕೆ ಐವತ್ತು ಪುಸ್ತಕ ಓದುತ್ತೇನೆ ಅಂತ ಜನವರಿಯಲ್ಲಿ ಘೋಷಣೆ, ಡಿಸೆಂಬರಿನಲ್ಲಿ ಲೆಕ್ಕ. ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ, ದುಡ್ಡು ಬೆಳೆಸುವುದು ಹೇಗೆ, ಮಾತಾಡಿ ಗೆಲ್ಲುವುದು ಹೇಗೆ. ಓದಿದ್ದು ಕೂಡಲೇ ಸಂಬಳಕ್ಕೋ ಆರೋಗ್ಯಕ್ಕೋ ಜಮಾ ಆಗಬೇಕು. ನಿಮ್ಮ ಮನೆಯವರು ಸುಮ್ನೆ ಓದುತ್ತಾರೆ. ವಾರವೆಲ್ಲ ಕೆಲಸ ಮಾಡಿದ ಹೆಂಗಸು ಕುಕ್ಕರಿನ ಮೂರನೇ ಸೀಟಿ ಬರುವಷ್ಟರಲ್ಲಿ ವಾಷಿಂಗ್ ಮಷಿನ್ ಮೇಲಿನ ಪುಸ್ತಕದಿಂದ ನಾಲ್ಕು ಪುಟ ಓದಿದರೆ, ಅದರ ಮುಂದಿನ ಪುಟಗಳ ಸಾಲ ಯಾರೂ ಅವರಿಂದ ವಸೂಲು ಮಾಡಬೇಕಾಗಿಲ್ಲ. ಎರಡನೇ ಭಾಗ ಮಾತ್ರ ಓದಿದವರಿಗೆ ಇನ್ನೊಂದು ಲಾಭವೂ ಇದೆ. ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಅನ್ನುವುದು ಅವರದೇ ಸ್ವಂತ ಆಸ್ತಿ.

ಆ ಇನ್‌ಲ್ಯಾಂಡ್ ಪತ್ರದ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ನನಗೆ ತಡೆಯಲಾಗಲಿಲ್ಲ, ಫೋನ್ ಮಾಡಿ ಕೇಳಿದೆ. ಫೋನಿನಲ್ಲಿ ನಿಮ್ಮ ಧ್ವನಿಯೇ ಬೇರೆ ಇತ್ತು! ಹೆಂಡತಿ ಊರಿನಿಂದ ಗಂಡನಿಗೆ ಬರೆದ ಪತ್ರ. ಮಗುವಿಗೆ ಜ್ವರ ಬಿಟ್ಟಿದೆ, ಮನಿಯಾರ್ಡರ್ ಬಂತು, ಅತ್ತೆಯ ಮಂಡಿನೋವು ಹಾಗೇ ಇದೆ. ಜಾಗ ಮುಗಿದ ಮೇಲೆ ಅಂಚಿನಲ್ಲಿ ಹಾಳೆ ಅಡ್ಡ ತಿರುಗಿಸಿ ಬರೆದಿದ್ದು: ಬರುವಾಗ ಛತ್ರಿ ಮರೆಯಬೇಡಿ, ಹೋದ ಸಲದ್ದು ಬಸ್ಸಿನಲ್ಲೇ ಹೋಯಿತು. ಅವತ್ತು ಕರೆಂಟ್ ಹೋಗಿತ್ತು, ನೀವಿಬ್ಬರೂ ಫೋನಿನ ಟಾರ್ಚ್ ಹಿಡಿದು ಓದಿದಿರಿ. ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಪದ 'ಸೀರೆ'ಯೋ 'ಸೇರು' ಅಕ್ಕಿಯೋ ಅಂತ ಅರ್ಧ ಗಂಟೆ ವಾದ ಮಾಡಿದಿರಿ. ಮದುವೆಯಾಗಿ ಎರಡು ವರ್ಷದಲ್ಲಿ ಕರೆಂಟ್ ಹೋದಾಗ ಜಗಳವಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿತ್ತಾ ನಿಮಗೆ? ಇಷ್ಟೆಲ್ಲ ಇಟ್ಟುಕೊಂಡು ಪತ್ರದಲ್ಲಿ ಮಂಚದ ಕೆಳಗಿನ ಜಾಗದ ಬಗ್ಗೆ ಬರೆದಿದ್ದೀರಿ. ನಮಗೆ ಲೇಖನ ಕಳಿಸುವವರೂ ಹೀಗೇ. ಬರೆಯಬೇಕಾದ್ದನ್ನು ಕೊನೆಯ ಸಾಲಿಗೆ ತುರುಕಿ, ಬೇಡದ್ದನ್ನು ಮೂರು ಪುಟ ಬರೆಯುತ್ತಾರೆ.

ಆ ಪುಸ್ತಕ ಫುಟ್‌ಪಾತಿಗೆ ಹೇಗೆ ಬಂತು ಅನ್ನುವುದನ್ನೂ ಯೋಚಿಸಬೇಕು. ಹಳೇ ಪುಸ್ತಕದ ಅದೃಷ್ಟ ಯಾವಾಗಲೂ ಒಂದು ಮನೆ ಖಾಲಿಯಾದ ಮೇಲೇ ಬರುವುದು. ನಿವೃತ್ತ ಮೇಷ್ಟ್ರು ತೀರಿಕೊಳ್ಳುತ್ತಾರೆ. ಮಕ್ಕಳು ಹೊರದೇಶದಿಂದ ಹತ್ತು ದಿನದ ರಜೆಯಲ್ಲಿ ಬಂದಿರುತ್ತಾರೆ. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ರದ್ದಿಯವನಿಗೆ ಫೋನ್ ಹೋಗುತ್ತೆ. ನ್ಯೂಸ್ ಪೇಪರಿಗೊಂದು ರೇಟು, ಪುಸ್ತಕಕ್ಕೆ ಅದಕ್ಕಿಂತ ಕಡಿಮೆ. ರಟ್ಟಿನ ತೂಕ ಬರುತ್ತೆ ಅಂತ ಕೆಲವರು ರಟ್ಟು ಕಿತ್ತು ಹಾಕುವುದೂ ಉಂಟು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಕೊಡೋಣ ಅಂದರೆ ತೆಗೆದುಕೊಳ್ಳುವವರು ಎಲ್ಲಿದ್ದಾರೆ? ನನ್ನ ಪರಿಚಯದ ಒಬ್ಬರು ತಂದೆಯ ಪುಸ್ತಕಗಳನ್ನು ಆಟೋದಲ್ಲಿ ಹಾಕಿಕೊಂಡು ಎರಡು ಗ್ರಂಥಾಲಯ ಸುತ್ತಿದರು. ಎರಡು ಕಡೆಯೂ ಒಂದೇ ಉತ್ತರ: ಜಾಗ ಇಲ್ಲ. ನಿಮ್ಮದೇ ಮಾತು ನೋಡಿ!

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತೆ. ನಿಮ್ಮ ಮನೆ ಮಾಲೀಕರು ಕಟ್ಟುತ್ತಾರೆ, ಅಂದರೆ ಬಾಡಿಗೆಯಲ್ಲಿ ನೀವೇ ಕಟ್ಟುತ್ತೀರಿ. ವಸೂಲಾದ ಹಣ ಹೊತ್ತಿಗೆ ಸರಿಯಾಗಿ ಗ್ರಂಥಾಲಯಗಳಿಗೆ ಸೇರುವುದಿಲ್ಲ ಅನ್ನುವ ದೂರು ಪ್ರತಿವರ್ಷ ಪೇಪರಿನಲ್ಲಿ ಬರುತ್ತೆ, ಪ್ರತಿವರ್ಷ ಓದಿ ಮಡಚಿಡುತ್ತೇವೆ. ಅಂಚೆಯ ಕಥೆ ಇನ್ನೊಂದು. 2024ರ ಡಿಸೆಂಬರಿನಲ್ಲಿ, ಕಡಿಮೆ ದರದಲ್ಲಿ ಪುಸ್ತಕ ಕಳಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದರು. ಸಣ್ಣ ಪ್ರಕಾಶಕರು, ಹಳೇ ಪುಸ್ತಕ ಮಾರುವವರು ಅದನ್ನೇ ನಂಬಿದ್ದರು. 2025ರ ಮೇನಲ್ಲಿ 'ಜ್ಞಾನ ಪೋಸ್ಟ್' ಅಂತ ಬಂತು, 300 ಗ್ರಾಮಿಗೆ 20 ರೂಪಾಯಿಂದ ಐದು ಕಿಲೋಗೆ 100 ರೂಪಾಯಿವರೆಗೆ. ಬಂದಿದ್ದು ಒಳ್ಳೆಯದೇ. ನಡುವಿನ ನಾಲ್ಕು ತಿಂಗಳು ಪುಸ್ತಕದವರು ಪಟ್ಟ ಪಾಡಿಗೆ ಯಾರೂ ಉತ್ತರ ಹೇಳಲಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ನಕ್ಷೆ ನೋಡಿದ್ದೀರಾ? ಟಿವಿಗೆ ಗೋಡೆ ಇದೆ, ಚಪ್ಪಲಿಗೆ ಕಪಾಟು ಇದೆ. ಪುಸ್ತಕಕ್ಕೆ ಅಂತ ಒಂದು ಹಲಗೆ ಬರೆದ ನಕ್ಷೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೀಗಿರುವಾಗ ಹಳೇ ಪುಸ್ತಕ ಉಳಿಸುವ ಕೆಲಸ ಮಾಡುತ್ತಿರುವವರು ಫುಟ್‌ಪಾತಿನವರು, ಆಮೇಲೆ ನಿಮ್ಮ ಮನೆಯವರಂಥವರು. ಬೆಂಗಳೂರಿನ ಪ್ರೀಮಿಯರ್ ಪುಸ್ತಕದಂಗಡಿಯ ಶಾನಭಾಗರ ಪುಸ್ತಕದ ಗೋಪುರಗಳನ್ನು ನೋಡಿದವರು ಇನ್ನೂ ಇದ್ದಾರೆ. ಒಂದು ಎಳೆದರೆ ಹತ್ತು ಬೀಳುತ್ತಿತ್ತು, ಆದರೆ ಯಾವುದು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತಿತ್ತು. 2009ರಲ್ಲಿ ಅದು ಮುಚ್ಚಿತು. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿ ಶುರು ಮಾಡಿದ ಮಾಯಿಗೌಡರು ಎಂಜಿನಿಯರಿಂಗ್ ಓದುವಾಗ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಿದ್ದವರು. ಈ ಊರಿನ ಓದಿಗೆ ಫುಟ್‌ಪಾತಿನ ಋಣ ಜಾಸ್ತಿಯೇ ಇದೆ.

ಜಾಗದ ಮಾತು ನಿಮಗೆ ಇನ್ನೂ ಕೊರೆಯುತ್ತಿದ್ದರೆ ಒಂದು ಭಾನುವಾರ ಅವೆನ್ಯೂ ರಸ್ತೆ ಬಿಟ್ಟು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಹೋಗಿಬನ್ನಿ. ಅಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದಲ್ಲಿ ಪುಸ್ತಕ ಕೊಂಡರು, ಸಾಲದೆ ಮೈಸೂರಿನ ಸೈಟು ಮಾರಿ ಕೊಂಡರು. ಈಗ ಲಕ್ಷಾಂತರ ಪುಸ್ತಕ, ಅವುಗಳ ನಡುವೆಯೇ ಗಂಡ ಹೆಂಡತಿಯ ಸಂಸಾರ. ನಿಮ್ಮ ವಾಷಿಂಗ್ ಮಷಿನ್ ಆಮೇಲೆ ನಿಮಗೆ ಮೈದಾನದ ಹಾಗೆ ಕಾಣುತ್ತೆ. ನಿಮ್ಮ ಹೆಸರಿನಲ್ಲಿ ಸೈಟೇನಾದರೂ ಇದ್ದರೆ ಕಾಗದ ಪತ್ರ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡೇ ಹೊರಡಿ.

ಚಟವೋ ಅಭ್ಯಾಸವೋ ಅಂತ ಕೇಳಿದಿರಿ. ಚಟವೇ ಇರಬಹುದು. ನೀವೂ ಅದರಲ್ಲಿ ಪಾಲುದಾರರು, ಗೊಜ್ಜೇ ಸಾಕ್ಷಿ.

ಮಾಡಬೇಕಾದ್ದು ಇಷ್ಟು. ಮಂಚದ ಕೆಳಗಿನವನ್ನು ಮಳೆಗಾಲಕ್ಕೆ ಮುಂಚೆ ಹೊರಗೆ ತೆಗೆಯಿರಿ, ನೆಲದ ತೇವಕ್ಕೆ ಬೂಸಲು ಹಿಡಿಯುತ್ತೆ. ಉರಿಬಿಸಿಲಿಗೆ ಇಡಬೇಡಿ, ಹಳೇ ಕಾಗದ ಮುರುಕಾಗುತ್ತೆ. ನೆರಳಲ್ಲಿ ಗಾಳಿಯಾಡಲಿ. ಒಣಗಿದ ಬೇವಿನ ಎಲೆ ನಡುವೆ ಇಡಿ. ಮಾಲೀಕರನ್ನು ಕೇಳಿ ಬಾಗಿಲ ಮೇಲಿನ ಗೋಡೆಗೆ ಉದ್ದಕ್ಕೆ ಒಂದು ಹಲಗೆ ಹೊಡೆಸಿ. ಆ ಜಾಗ ಎಲ್ಲ ಮನೆಯಲ್ಲೂ ಸುಮ್ನೆ ಬಿದ್ದಿರುತ್ತೆ. ಹೊಲಿಸಿದ ಧಾರಾವಾಹಿಯ ದಾರ ಸಡಿಲವಾಗಿದ್ದರೆ ಟೇಪ್ ಅಂಟಿಸಬೇಡಿ, ಅದೇ ತೂತಿನಲ್ಲಿ ಹೊಸ ದಾರ ಹಾಕಿ ಹೊಲಿಯಿರಿ.

ಮತ್ತೆ ಒಂದು ಸ್ವಂತ ಕೆಲಸ. ನಮ್ಮ ಕಚೇರಿಯ ಕಪಾಟಿನಲ್ಲಿ 'ಕಸ್ತೂರಿ'ಯ ಮೊದಲ ವರ್ಷಗಳ ಸಂಚಿಕೆಗಳು ಅಲ್ಲಲ್ಲಿ ಇಲ್ಲ. 1956ರಿಂದ 60ರ ಒಳಗಿನವು ರಾಶಿಯಲ್ಲಿ ಕಂಡರೆ ತೆಗೆದಿಡಲು ನಿಮ್ಮ ಮನೆಯವರಿಗೆ ಹೇಳಿ. ಕೊಟ್ಟ ದುಡ್ಡು ಕೊಡುತ್ತೇವೆ, ಇಲ್ಲವೇ ಬದಲಿಗೆ ನಮ್ಮಲ್ಲಿ ಎರಡೆರಡು ಪ್ರತಿ ಇರುವ ಪುಸ್ತಕಗಳಲ್ಲಿ ಬೇಕಾದ್ದನ್ನು ಅವರೇ ಬಂದು ಆರಿಸಿಕೊಳ್ಳಲಿ. ಚೀಲ ಹೊರಲು ನೀವೂ ಜೊತೆಗೆ ಬನ್ನಿ.

ಸಂಪಾದಕ