ಶಟರ್ ಎಳೆಯೋಕೆ ಒಂದು ಅಂಗಡಿ

"ಮನೇಲೇ ಮಾಡಲಾ, ಅಂಗಡಿ ಹಾಕಲಾ?" ನಾನು ಆಪ್ತಸಲಹೆಗಾರ್ತಿ. ಈ ಪ್ರಶ್ನೆ ಹಿಡಿದು ನನ್ನ ಹತ್ತಿರ ಬರುವ ಹೆಂಗಸರು ಜಾಸ್ತಿಯಾಗಿದ್ದಾರೆ. ಹೂ ಕಟ್ಟುವವರು, ಹೋಳಿಗೆ ಮಾಡಿಕೊಡುವವರು, ಸೀರೆಗೆ ಕುಚ್ಚು ಹಾಕುವವರು. ಎಷ್ಟೋ ವರ್ಷ ನಾನು ಇದನ್ನು ದುಡ್ಡಿನ ಪ್ರಶ್ನೆ ಅಂತಲೇ ತಿಳಿದಿದ್ದೆ. ಮಂಗಳಮ್ಮ ಬಂದ ಮೇಲೆ ಹಾಗೆ ತಿಳಿಯುವುದು ಬಿಟ್ಟೆ. ಹೆಸರು, ಗುರುತು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮಂಗಳಮ್ಮ ಮೈಸೂರಿನವರು, ವಯಸ್ಸು 46. ಗಂಡ ಬೆಳಗಿನ ಜಾವ ದೇವರಾಜ ಮಾರುಕಟ್ಟೆಯಿಂದ ಬಿಡಿ ಹೂ ತಂದುಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇವರು ಕಟ್ಟಿ 30 ಮನೆಗೆ ವರ್ತನೆ ಹೂ, ಅಂದರೆ ದಿನಾ ತಪ್ಪದೆ ಕೊಡುವ ಹೂ, ಕೊಡುತ್ತಾರೆ. ಮದುವೆ ಕಾಲದಲ್ಲಿ ಮೊಗ್ಗಿನ ಜಡೆಯ ಆರ್ಡರ್ ಬರುತ್ತದೆ. ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಹಿಡಿಯೋಣ ಅಂತ ಮಗನ ಹಟ, ಗಂಡನಿಗೆ ಬೇಡ. ದಿನಾ ಜಗಳ, ಇವರಿಗೆ ನಿದ್ದೆ ಇಲ್ಲ.

ಮೊದಲ ಎರಡು ಭೇಟಿಯಲ್ಲಿ ನಾನು ಲೆಕ್ಕವನ್ನೇ ಹಾಕಿಸಿದೆ. ಬಾಡಿಗೆ 8,000. ಅಡ್ವಾನ್ಸ್ ಒಂದು ಲಕ್ಷ, ಅದಕ್ಕೆ ಎರಡೆಳೆ ಸರ ಅಡ ಇಡಬೇಕು. ಮನೆಯಲ್ಲಾದರೆ ಎಷ್ಟು ಮನೆಗೆ ಕೊಡಬೇಕೋ ಅಷ್ಟೇ ಹೂ ತರಿಸಿದರೆ ಸಾಕು. ಅಂಗಡಿ ಅಂದಮೇಲೆ ಮುಂದೆ ತುಂಬಿ ಕಾಣಬೇಕು. ಬೆಳಿಗ್ಗೆ ತಂದ ಮಲ್ಲಿಗೆ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನ ಅದನ್ನು ಕೇಳುವವರಿಲ್ಲ. ಸೇವಂತಿಗೆಯಾದರೂ ಎರಡು ದಿನ ತಡೆಯುತ್ತೆ, ಮಲ್ಲಿಗೆ ತಡೆಯಲ್ಲ. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಜನ ಹೋಗುವುದರಿಂದ ಮೈಸೂರಿನಲ್ಲಿ ಹೂವಿಗೆ ಗಿರಾಕಿ ಇರುತ್ತಾರೆ. ಆದರೆ ಮದುವೆ ಇಲ್ಲ, ಜಡೆ ಇಲ್ಲ. ಪಿತೃಪಕ್ಷದ ಹದಿನೈದು ದಿನವೂ ಹಾಗೆಯೇ. ಬಾಡಿಗೆ ಮಾತ್ರ ಎಲ್ಲ ತಿಂಗಳೂ ಕಟ್ಟಬೇಕು. ಮಂಗಳಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಮನಸ್ಸು ಮಾತ್ರ ಮಳಿಗೆಯ ಕಡೆಗೇ ಇತ್ತು.

ಮೂರನೇ ಸಲ ಬರುವಾಗ ಒಂದು ಚೀಲ ಮೊಗ್ಗು ತಂದಿದ್ದರು. "ಕಟ್ಕೊಂಡೇ ಮಾತಾಡ್ಲಾ ಮೇಡಂ? ಸಂಜೆಗೆ ಕೊಡಬೇಕು" ಅಂದರು. ನೆನೆಸಿದ ಬಾಳೆನಾರು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು, ಒಂದು ಸುತ್ತು, ಒಂದು ಗಂಟು. ಕೈ ನೋಡದೆಯೇ ಕಟ್ಟುತ್ತಿದ್ದರು. ನಾರು ಎಳೆದು ಎಳೆದು ತೋರುಬೆರಳಿನ ಪಕ್ಕ ಒಂದು ಗಟ್ಟಿ ಗೆರೆ ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಮೂರು ಸಲ ಫೋನ್ ಬಂತು. ಮೂರೂ ಮನೆಯಿಂದಲೇ.

"ಅಂಗಡಿ ಆಯ್ತು ಅಂದ್ಕೊಳ್ಳಿ. ಮೊದಲ ದಿನ ಹೇಗಿರುತ್ತೆ, ಹೇಳಿ" ಅಂದೆ. ಪೂಜೆ, ಬೋಣಿ, ಬೋರ್ಡಿನ ಮೇಲೆ ಅವರ ಹೆಸರು, ಇಂಥದ್ದೇನೋ ಹೇಳುತ್ತಾರೆ ಅಂದುಕೊಂಡಿದ್ದೆ.

"ರಾತ್ರಿ ಎಂಟಕ್ಕೆ ಶಟರ್ ಎಳೀತೀನಿ ಮೇಡಂ."

ಅವರ ಕೈ ನಿಂತಿತು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮುಂದುವರಿಸಿದರು. "ಊಟಕ್ಕೆ ಕೂತಿರ್ತೀನಿ, ಮಂಗಳಮ್ಮ ಎರಡು ಮೊಳ ಕೊಡಿ ಅಂತ ಬರ್ತಾರೆ. ಕೈ ತೊಳ್ಕೊಂಡು ಏಳ್ತೀನಿ. ಹೂ ಕಟ್ತಾ ಇರ್ತೀನಿ, ಅತ್ತೆ ಕಾಫಿ ಕೇಳ್ತಾರೆ. ಎದ್ದು ಮಾಡ್ತೀನಿ. ಮನೇಲೇ ಇರ್ತಾಳಲ್ಲ ಅಂತಾರೆ. ಅಂಗಡಿಗೆ ಹೋದ್ರೆ, ಕೆಲಸಕ್ಕೆ ಹೋಗಿದಾಳೆ ಅಂತಾರೆ ಅಲ್ವಾ?"

ಎರಡು ಭೇಟಿ ನಾನು ಬಾಡಿಗೆ, ಬಡ್ಡಿ ಅಂತ ಕೂತಿದ್ದೆನಲ್ಲ, ಅವರಿಗೆ ಬೇಕಾಗಿದ್ದದ್ದು ಮುಚ್ಚಲು ಬರುವ ಒಂದು ಬಾಗಿಲು.

ಆಪ್ತಸಲಹೆಗಾರರು ನೇರವಾಗಿ ಹೀಗೆ ಮಾಡಿ ಅಂತ ಹೇಳಬಾರದು ಎಂದು ನಮಗೆ ಕಲಿಸುತ್ತಾರೆ. ನಾನು ಹೇಳಿದೆ. ಈ ವರ್ಷ ಸರ ಅಡ ಇಡಬೇಡಿ. ವರ್ತನೆಯವರಿಗೂ ಅಕ್ಕಪಕ್ಕದವರಿಗೂ ಕಾಣುವ ಹಾಗೆ ಹೂ ಕೊಡುವ ಹೊತ್ತು ಬರೆದು ಬಾಗಿಲಿಗೆ ತೂಗು ಹಾಕಿ. ಹೂ ಕಟ್ಟಿದ ಗಂಟೆಗಳನ್ನು ದಿನಾ ಬರೆದಿಡಿ, ಅದಕ್ಕೆ ನಿಮ್ಮ ಕೂಲಿ ಹಿಡಿದು ಲಾಭ ನೋಡಿ. ಸಂಜೆ ನಾಲ್ಕರಿಂದ ಎಂಟು ಯಾರದಾದರೂ ಅಂಗಡಿಯ ಜಗಲಿಯಲ್ಲಿ ಅಡ್ವಾನ್ಸ್ ಇಲ್ಲದೆ ಕೂತು ನೋಡಿ. ಮುಂದಿನ ಸಲ ಗಂಡನನ್ನೂ ಮಗನನ್ನೂ ಕರೆದುಕೊಂಡೇ ಬನ್ನಿ.

ಅವರ ಆಸೆಗೆ ತಣ್ಣೀರು ಎರಚಿದಿರಿ ಅಂತ ಜೊತೆಯ ಸಲಹೆಗಾರರೊಬ್ಬರು ಬೇಸರ ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ಕೆಲವು ವರ್ಷದ ಹಿಂದೆ ಇಂಥದ್ದೇ ಪ್ರಶ್ನೆ ತಂದ ಇನ್ನೊಬ್ಬರಿಗೆ "ಧೈರ್ಯ ಮಾಡಿ" ಅಂದವಳು ನಾನೇ. ಅಂಗಡಿ ಬಂತು, ಮನೆ ಬದಲಾಗಲಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಅಂಗಡಿ, ರಾತ್ರಿ ಶಟರ್ ಎಳೆದು ಬಂದು ಮತ್ತೆ ಅಡುಗೆ. ಹತ್ತು ತಿಂಗಳಿಗೆ ಮುಚ್ಚಿದರು. ಅವರ ಬಳೆ ಇನ್ನೂ ಅಡದಲ್ಲೇ ಇದೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಅಂಗಡಿ ಬೇಡ ಅಂತ ನಾನು ಹೇಳುತ್ತಿಲ್ಲ. ವರ್ತನೆ ಮನೆಗಳು ಕಟ್ಟಲಾಗದಷ್ಟು ಹೆಚ್ಚಿದರೆ, ಬೊಕೆ, ಮಂಟಪದ ಅಲಂಕಾರ ಅಂತ ಕೆಲಸ ಬೆಳೆದರೆ, ಮಳಿಗೆ ಬೇಕೇ ಬೇಕು. ಆದರೆ ಸಹಿ ಹಾಕುವ ಮೊದಲು ಕೂತು ಯೋಚಿಸಿ: ಮನೆಯವರು ನಿಮ್ಮ ಕೆಲಸಕ್ಕೆ ಇಂತಿಷ್ಟು ಹೊತ್ತು ಅಂತ ಬಿಟ್ಟುಕೊಟ್ಟರೂ ಈ ಮಳಿಗೆ ಬೇಕು ಅನಿಸುತ್ತಾ? ಹೌದು ಅಂದರೆ ಮುಂದುವರಿಯಿರಿ. ಇಲ್ಲ ಅಂದರೆ ಆ ಮಾತನ್ನು ಮೊದಲು ಮನೆಯಲ್ಲಿ ಆಡಿ. ಗಂಡಸರಿಗೂ ಒಂದು ಮಾತು. ಮೊಳಕ್ಕೆ ಇಷ್ಟು ಅಂತ ದುಡಿಯುವವರನ್ನು "ಮನೇಲೇ ಇರ್ತಾಳೆ" ಅನ್ನಬೇಡಿ.

ಮುಂದಿನ ಸಲ ಮೂವರೂ ಬಂದರು. "ಅಮ್ಮನ್ನ ಎಲ್ಲರೂ ಕೂಗ್ತಾನೇ ಇರ್ತಾರೆ, ನೋಡೋಕಾಗಲ್ಲ. ಅದಕ್ಕೇ ಅಂಗಡಿ ಅಂದೆ" ಅಂದ ಮಗ. "ನೀನು ದಿನಕ್ಕೆ ಎಷ್ಟು ಸಲ ಕೂಗ್ತೀಯಪ್ಪ?" ಅಂತ ಕೇಳಿದೆ. ಅಮ್ಮನ ಮುಖ ನೋಡಿದ, ತಲೆ ತಗ್ಗಿಸಿದ.

ಈಗ ಬಾಗಿಲಿಗೆ ರಟ್ಟಿನ ಬೋರ್ಡ್ ಬಂದಿದೆ, ಮಗನ ಅಕ್ಷರದಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಮಂಗಳಮ್ಮ ತಾವೇ ಅದನ್ನು ತೆಗೆದಿಟ್ಟು ಹನ್ನೊಂದರವರೆಗೆ ಹೂ ಕೊಟ್ಟರಂತೆ. ಸಂಜೆ ಟೈಲರ್ ಅಂಗಡಿಯೊಂದರ ಜಗಲಿಯಲ್ಲಿ ಕೂರುತ್ತಾರೆ. ಆ ಹೊತ್ತಿನ ಕಾಫಿ ಈಗ ಗಂಡನ ಪಾಲಿಗೆ. ಮುಖ್ಯರಸ್ತೆಯ ಆ ಮಳಿಗೆಯನ್ನು ಬೇರೆ ಯಾರೋ ಹಿಡಿದರು. ದಸರಾ ಮುಗಿದ ಮೇಲೆ ಲೆಕ್ಕದ ಪುಸ್ತಕ ತಂದು ತೋರಿಸುತ್ತೇನೆ, ಬೇರೆ ಮಳಿಗೆ ನೋಡಬಹುದಾ ಹೇಳಿ ಅಂದಿದ್ದಾರೆ.