ಅಪ್ಪ ಹೇಳದೆ ಬಿಟ್ಟ ಕೋರೆಯ ಕಥೆ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಹುಡುಗನಿಗೆ 10 ವರ್ಷ, ಅಪ್ಪನಿಗೆ 44. ಮಣಿಪಾಲದ ಹತ್ತಿರ ನಾಲ್ಕನೇ ಮಹಡಿಯಲ್ಲಿ ಮನೆ. "ಇವನು ಮೊಬೈಲ್ ಬಿಟ್ಟು ಏಳುವುದಿಲ್ಲ. ನೀವೇ ಸ್ವಲ್ಪ ಹೇಳಿ" ಅಂತ ಅಪ್ಪ ಅವನನ್ನು ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದರು. ಒಂದು ವಾರದಿಂದ ಮಗ ಅವರ ಹತ್ತಿರ ಮಾತು ಬಿಟ್ಟಿದ್ದ. ಊಟಕ್ಕೆ ಕೂತಾಗ ಅಪ್ಪ "ನಿನ್ನ ಪ್ರಾಯದಲ್ಲಿ ನಾನು..." ಅಂತ ಶುರು ಮಾಡಿದ್ದಕ್ಕೆ ಎದ್ದು ಹೋಗಿ ಬಾಗಿಲು ಹಾಕಿಕೊಂಡವನು ಆಮೇಲೆ ಸರಿಯಾಗಿ ಮಾತಾಡಿಯೇ ಇಲ್ಲವಂತೆ.

ಮೊದಲ ದಿನ ಜಾಸ್ತಿ ಮಾತಾಡಿದ್ದು ಅಪ್ಪನೇ. ಸ್ವರ್ಣಾ ನದಿಯ ಕಡೆಯ ಹಳ್ಳಿ ಅವರದ್ದು. ಏಣೇಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದರೆ ಎತ್ತರದ ಬೆಟ್ಟು ಗದ್ದೆಯೆಲ್ಲ ಮಳೆ ಬರುವ ತನಕ ಮಕ್ಕಳದ್ದೇ. ತೆಂಗಿನ ಮಡಲಿನ ದಂಡಿನಲ್ಲಿ ಕ್ರಿಕೆಟ್ ಬ್ಯಾಟು. ಶಾಲೆಯಿಂದ ಬರುವಾಗ ಕುಂಟಾಲ, ಕೇಪುಳ, ಚೂರಿ ಹಣ್ಣು ತಿಂದು ನಾಲಿಗೆ ನೇರಳೆ ಬಣ್ಣ. ಯಕ್ಷಗಾನ ಆಟ ಇದ್ದ ರಾತ್ರಿ ಚಾಪೆ ಹಿಡಿದು ಹೊರಟರೆ ಮಹಿಷಾಸುರ ಬರುವ ಹೊತ್ತಿಗೆ ಯಾರಾದರೂ ಎಬ್ಬಿಸುತ್ತಿದ್ದರು. ಇದನ್ನೆಲ್ಲ ಹೇಳುವಾಗ ಅವರ ಮುಖ ಅರಳಿತ್ತು. ಮಗ ಕುರ್ಚಿಯ ತುದಿಯಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಚ್ಚುವುದು, ಹಾಕುವುದು ಮಾಡುತ್ತಿದ್ದ.

ಅಪ್ಪನನ್ನು ಹೊರಗೆ ಕೂರಿಸಿ ಅವನ ಹತ್ತಿರ ಒಂದೇ ಪ್ರಶ್ನೆ ಕೇಳಿದೆ. "ನೀನು ಒಬ್ಬನೇ ಎಲ್ಲಿಯ ತನಕ ಹೋಗಿದ್ದೀ?" ತುಂಬ ಯೋಚಿಸಿ ಹೇಳಿದ. "ಕೆಳಗೆ ಹೋಗಿದ್ದೇನೆ. ಲಿಫ್ಟಲ್ಲಿ. ಕಸ ಹಾಕ್ಲಿಕ್ಕೆ." ಸ್ವಲ್ಪ ಬಿಟ್ಟು ಮತ್ತೆ ಹೇಳಿದ. "ಅಪ್ಪ ಹೊರಗೆ ಹೋಗು ಅಂತಾರೆ. ಹೋದ್ರೆ ಗೇಟ್ ದಾಟ್ಬೇಡ ಅಂತಾರೆ."

ಪ್ರಕರಣ ಇರುವುದು ಇಲ್ಲೇ ಅಂತ ನನಗೆ ಆಗಲೇ ಅನಿಸಿತು. ಗೇಟು ಹಾಕಿದವರು ದೊಡ್ಡವರು, ಒಳಗೆ ಕೂತದ್ದಕ್ಕೆ ಬೈಗುಳ ಮಗುವಿಗೆ. ನೆನಪು ತಪ್ಪಲ್ಲ. ಆದರೆ ದಿನಾ ಊಟದ ಹೊತ್ತಿಗೆ ಅದನ್ನೇ ಬಡಿಸಿದರೆ "ನೀನು ನನ್ನಷ್ಟು ಗಟ್ಟಿ ಇಲ್ಲ" ಅಂತಲೇ ಮಗುವಿಗೆ ಕೇಳಿಸುವುದು.

ಎರಡನೇ ಸಲ ತಾಯಿಯೂ ಬಂದರು. ಗಂಡನ ಮಾತೆಲ್ಲ ಕೇಳಿ ಮೆಲ್ಲ ಹೇಳಿದರು. "ಇವರು ಹೊಳೆ ಹೊಳೆ ಅಂತಾರೆ. ಏಳನೇ ಕ್ಲಾಸಲ್ಲಿ ನಾನು ದೊಡ್ಡವಳಾದ ಮೇಲೆ ನನಗೆ ಹೊಳೆಬದಿಯೇ ಬಂದ್. ತಮ್ಮ ಈಜುವಾಗ ಅವನ ಬಟ್ಟೆ ಹಿಡಿದು ದಡದಲ್ಲಿ ನಿಲ್ಲುವುದು ನನ್ನ ಕೆಲಸ." ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆದರೆ ಗಂಡ ಅವರ ಮುಖ ನೋಡಿದ ರೀತಿಯಲ್ಲೇ ಗೊತ್ತಾಯಿತು, ಮದುವೆಯಾಗಿ ಇಷ್ಟು ವರ್ಷದಲ್ಲಿ ಇದನ್ನು ಕೇಳಿದ್ದು ಅದೇ ಮೊದಲು. ಹಳೆಯ ಕಾಲದ ಸ್ವಾತಂತ್ರ್ಯದ ಮಾತು ಬಂದಾಗೆಲ್ಲ ನನಗೂ ನನ್ನ ಅಕ್ಕಂದಿರು ನೆನಪಾಗುತ್ತಾರೆ. ಅದು ಎಲ್ಲರ ಪಾಲಿಗೂ ಬಂದದ್ದಲ್ಲ.

ಮೂರನೇ ಸಲ ಅಪ್ಪನನ್ನು ಒಬ್ಬರನ್ನೇ ಕರೆದೆ. "ಗೇಟ್ ದಾಟಿದರೆ ಏನಾಗುತ್ತದೆ ಅಂತ ನಿಮಗೆ ಹೆದರಿಕೆ?" ರಸ್ತೆ, ಬಸ್ಸು ಅಂತ ಹೇಳುತ್ತಾ ಹೋದವರು ನಿಲ್ಲಿಸಿದರು. ಆಮೇಲೆ ಬಂದದ್ದು ಕೋರೆಯ ಕಥೆ. ಮುರಕಲ್ಲಿನ ಕೋರೆ, ಅಂದರೆ ಕೆಂಪುಕಲ್ಲು ತೆಗೆಯುವ ಗುಂಡಿ, ನಮ್ಮ ಕಡೆಯವರಿಗೆ ಗೊತ್ತಲ್ವಾ, ಕಲ್ಲನ್ನು ಚೌಕಕ್ಕೆ ಕಡಿದು ತೆಗೆಯುವುದರಿಂದ ಅಂಚು ಗೋಡೆಯ ಹಾಗೆ ನೆಟ್ಟಗೆ. ಮಳೆಗಾಲದಲ್ಲಿ ನೀರು ತುಂಬಿದರೆ ಕೆರೆಯ ಹಾಗೆ ಕಾಣುತ್ತದೆ, ಆದರೆ ಕಾಲಿಡಲು ಇಳಿಜಾರೇ ಇಲ್ಲ. ಒಂಬತ್ತನೇ ವರ್ಷದಲ್ಲಿ ಇವರು ಅದರಲ್ಲಿ ಜಾರಿದ್ದರು. ದೊಡ್ಡ ಹುಡುಗನೊಬ್ಬ ಕೂದಲು ಹಿಡಿದು ಎಳೆದು ಹಾಕಿದ. ಅಂಗಿ ಒಣಗುವ ತನಕ ಬಂಡೆಯ ಮೇಲೆ ಕೂತಿದ್ದು ಮನೆಗೆ ಹೋದರು. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಹೇಳುತ್ತಾ ಹೇಳುತ್ತಾ ಕೈ ನೆತ್ತಿಯ ಮೇಲೆ ಹೋಗಿತ್ತು.

ಕುಂಟಾಲ ಹಣ್ಣಿನ ಕಥೆ ನೂರು ಸಲ ಕೇಳಿದ ಮಗನಿಗೆ ಈ ಕಥೆ ಒಂದು ಸಲವೂ ಸಿಕ್ಕಿರಲಿಲ್ಲ. ಅವನಿಗೆ ಸಿಕ್ಕಿದ್ದು ಅದರ ಹೆದರಿಕೆ ಮಾತ್ರ.

ನಾನು ಹೇಳಿದ್ದು ಇಷ್ಟು. ಮೊದಲು ಆ ಕಥೆಯನ್ನು ಮಗನಿಗೆ ಹೇಳಿ, ಬುದ್ಧಿಮಾತು ಸೇರಿಸದೆ. ಎರಡನೆಯದು, ನಿಮ್ಮನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಕೋರೆಯಲ್ಲಿ ದೊಡ್ಡ ಹುಡುಗ ಇದ್ದ. ಗದ್ದೆಯ ಪುಣಿಯಲ್ಲಿ, ಅಂದರೆ ಬದುವಿನಲ್ಲಿ, "ಓಡೆ ಪೋಪಿನಿ?" (ಎಲ್ಲಿಗೆ ಹೋಗುವುದು?) ಅಂತ ತುಳುವಿನಲ್ಲಿ ಕೇಳುವ ಅಜ್ಜಿ ಇದ್ದರು. ಈಗ ನಿಮ್ಮ ಮಗನ ದಾರಿಯಲ್ಲಿ ಅಂಥ ಕಣ್ಣು ಯಾವುದಿದೆ ನೋಡಿ. ಅಂಗಡಿಯವರು, ವಾಚ್‌ಮ್ಯಾನ್, ಎರಡನೇ ಮಹಡಿಯ ಮಕ್ಕಳು, ಎಲ್ಲರ ಪರಿಚಯ ಮಾಡಿಸಿ. ಮೂರು ದಿನ ಜೊತೆಗೆ ನಡೆದು ರಸ್ತೆ ದಾಟುವುದು ಕಲಿಸಿ, ನಾಲ್ಕನೇ ದಿನ ಅವನೊಬ್ಬನೇ ಹಾಲು ತರಲಿ. ನೀವು ಬಾಲ್ಕನಿಯಲ್ಲಿ ನಿಲ್ಲಬೇಡಿ. ದೊಡ್ಡ ಹೆದ್ದಾರಿ ದಾಟುವುದು ಸದ್ಯಕ್ಕೆ ಬೇಡ, ಆ ಹೆದರಿಕೆ ಸರಿಯಾದದ್ದೇ. ನೀರಿನ ಹೆದರಿಕೆಗೆ ಮದ್ದು ಗೇಟಲ್ಲ, ಈಜು. ಅದನ್ನು ಗೊತ್ತಿದ್ದವರ ಹತ್ತಿರವೇ ಕಲಿಸಿ, ಕಲಿತ ಮೇಲೂ ಕೋರೆಗೆ ಬೇಡ.

ತಾಯಿಗೆ ಟ್ಯೂಷನ್ನಿನ ಚಿಂತೆ. ಅದು ಸಂಜೆ 5ರಿಂದ 7, ಅಂದರೆ ಬೆಳಕಿರುವ ಹೊತ್ತೆಲ್ಲ ಅದಕ್ಕೇ ಹೋಗುತ್ತಿತ್ತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಹೇಳಿದ ಮೇಲೆ ಟ್ಯೂಷನ್ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಮೊಬೈಲ್ ಬಗ್ಗೆ ನಾನು ಹೆಚ್ಚು ಮಾತಾಡಲಿಲ್ಲ. ಹೋಗಲು ಜಾಗವೇ ಇಲ್ಲದ ಮಗುವಿನ ಕೈಯಿಂದ ಅದನ್ನು ಕಿತ್ತುಕೊಂಡರೆ ಉಳಿಯುವುದು ಗೋಡೆ ಮಾತ್ರ.

ಹಾಲು ತರಲು ಹೋದ ದಿನ ಹತ್ತು ನಿಮಿಷದ ದಾರಿಗೆ ಹುಡುಗ ಅರ್ಧ ಗಂಟೆ ತೆಗೆದುಕೊಂಡ. ಅಷ್ಟರಲ್ಲಿ ಅಪ್ಪ ನನಗೆ ಎರಡು ಸಲ ಫೋನ್ ಮಾಡಿದ್ದರು. ಅಂಗಡಿಯ ಹಿಂದೆ ನಾಯಿ ಮರಿ ಹಾಕಿತ್ತಂತೆ, ಐದು ಮರಿ, ಒಂದಕ್ಕೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಮಾತಾಡಿದ್ದು ಮಗನೇ.

ಎರಡು ತಿಂಗಳಾಯಿತು. ಮೊಬೈಲ್ ಪೂರ್ತಿ ಬಿಟ್ಟಿಲ್ಲ. ಈಜಿಗೆ ಸೇರಿದ್ದಾನೆ, ತಲೆ ಮುಳುಗಿಸಲು ಇನ್ನೂ ಹೆದರುತ್ತಾನೆ. ಎರಡನೇ ಮಹಡಿಯ ಹುಡುಗಿಯೂ ಈಗ ಅವನ ಜೊತೆ ಹಾಲಿಗೆ ಹೋಗುತ್ತಾಳೆ. ಅಜ್ಜಿಗೆ ಕೋರೆಯ ವಿಷಯ ಹೇಳಬೇಕಾ ಬೇಡವಾ ಅಂತ ಅಪ್ಪ, ಮಗ ಇಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ.